ಬ್ಯಾಟ್ಲಿಯ ಗೇಟಿನಲ್ಲಿ ನಾಲ್ಕು ಸೀಸನ್

ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಒಂದು ಸಣ್ಣ ಊರಿನ ರಗ್ಬಿ ಲೀಗ್ ಕ್ಲಬ್ಬಿಗೆ ನಾನು ಯಾಕೆ ಇಷ್ಟು ಹಚ್ಚಿಕೊಂಡೆ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಪ್ಪನ ಮಿಲ್ಲಿಗೆ ಒಂದು ಕಬಡ್ಡಿ ತಂಡ ಇತ್ತು. ಶಿಫ್ಟ್ ಮುಗಿಸಿ ಬಂದವರು ಸಂಜೆ ಅಂಗಳದಲ್ಲಿ ಗೆರೆ ಹಾಕಿ ಆಡುತ್ತಿದ್ದರು, ನಾವು ಮಕ್ಕಳು ಗೋಡೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ಕೂಗುತ್ತಿದ್ದೆವು. ಆಮೇಲೆ ಮಿಲ್ ಮುಚ್ಚಿತು. ಕಬಡ್ಡಿ ತಂಡವನ್ನು ಯಾರೂ ಮುಚ್ಚಲಿಲ್ಲ, ಅದು ತಾನಾಗೇ ಇಲ್ಲವಾಯಿತು. ಒಬ್ಬರು ಹುಬ್ಬಳ್ಳಿಗೆ ಹೋದರು, ಒಬ್ಬರು ಆಟೋ ತಗೊಂಡರು, ಒಬ್ಬರು ಊರಿಗೆ ವಾಪಸ್ ಹೋಗಿ ಗದ್ದೆಗಿಳಿದರು. ಅಪ್ಪ ಮಾತ್ರ ತುಂಬಾ ವರ್ಷ ಆ ತಂಡದ ಹೆಸರಿದ್ದ ಬನಿಯನ್ ಒಗೆದು ಮಡಚಿ ಇಡುತ್ತಿದ್ದರು.

ನಾನು ಲೆಕ್ಕಪತ್ರದ ಕೆಲಸದವಳು. ಲೀಡ್ಸ್‌ನಲ್ಲಿ ಆಫೀಸು. ಅಲ್ಲಿ ಬಾಡಿಗೆ ಜಾಸ್ತಿ ಆಗುತ್ತಾ ಹೋಗಿದ್ದಕ್ಕೆ 2021ರ ಕೊನೆಗೆ ಬ್ಯಾಟ್ಲಿಗೆ ಮನೆ ಬದಲಿಸಿದೆವು. ಬ್ಯಾಟ್ಲಿ ಒಂದು ಕಾಲದ ಉಣ್ಣೆ ಊರು. ಹಳೇ ಉಣ್ಣೆ ಬಟ್ಟೆಗಳನ್ನು ಕಿತ್ತು, ಎಳೆ ಮಾಡಿ, ಮತ್ತೆ ನೂಲು ತೆಗೆಯುವ ಕೆಲಸ ಇಲ್ಲೇ 1813ರಲ್ಲಿ ಶುರುವಾಯಿತು. ಅದನ್ನು ಶಾಡಿ ಅನ್ನುತ್ತಾರೆ. ಈಗ ಆ ಕೆಲಸ ಹೆಚ್ಚಾಗಿ ನಮ್ಮ ಪಾಣಿಪತ್‌ನಲ್ಲಿ ನಡೆಯುತ್ತದೆ. ಇಲ್ಲಿ ಉಳಿದಿರುವುದು ದೊಡ್ಡ ದೊಡ್ಡ ಕಲ್ಲಿನ ಮಿಲ್ ಕಟ್ಟಡಗಳು. ಮೊದಲ ದಿನ ರೈಲು ಇಳಿದು ಆ ಕಟ್ಟಡಗಳನ್ನು ನೋಡಿದಾಗ ನಮ್ಮೂರೇ ನೆನಪಾಯಿತು. ಇಲ್ಲೂ ಹಾಗೇ ಆಗಿದೆ, ಎಲ್ಲ ಹೋಗಿದೆ ಅಂದುಕೊಂಡೆ.

ಎಲ್ಲ ಹೋಗಿರಲಿಲ್ಲ. ಅದು ಗೊತ್ತಾಗಿದ್ದು ಮುಂದಿನ ವಸಂತದಲ್ಲಿ, ಮಗನಿಂದ. ಅವನ ಕ್ಲಾಸಿನ ಹುಡುಗ ಭಾನುವಾರ ಮ್ಯಾಚಿಗೆ ಕರೆದ. ಯಾವ ಮ್ಯಾಚು ಅಂದರೆ ಬುಲ್‌ಡಾಗ್ಸ್ ಅಂದ, ಬ್ಯಾಟ್ಲಿಯ ರಗ್ಬಿ ಲೀಗ್ ಕ್ಲಬ್ಬಿನ ಹೆಸರು ಅದು. ಗುಡ್ಡ ಹತ್ತಿಕೊಂಡು ಹೋದೆವು. ನಾನು ಮೊದಲ ಸಲ ಹೋದಾಗ ಮೈದಾನಕ್ಕೆ ಇದೇ ಊರಿನ ಫಾಕ್ಸಸ್ ಬಿಸ್ಕತ್ತಿನ ಹೆಸರಿತ್ತು, ಆದರೆ ಹಳಬರು ಯಾರೂ ಹಾಗನ್ನುವುದಿಲ್ಲ, ಅವರಿಗೆ ಅದು ಯಾವತ್ತೂ ಮೌಂಟ್ ಪ್ಲೆಸೆಂಟ್. ಒಳಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬೀಳುವುದು ಇಳಿಜಾರು. ಮೈದಾನ ಸಮ ಇಲ್ಲ! ಒಂದು ಮೂಲೆ ನಮ್ಮ ಮನೆ ಹಿಂದಿನ ಬೀದಿ ಥರ ಕೆಳಗೆ ಜಾರುತ್ತದೆ. ಅರ್ಧ ಆಟ ಒಂದು ತಂಡ ಏರುಮುಖವಾಗಿ ಓಡಬೇಕು, ಇನ್ನರ್ಧ ಇನ್ನೊಂದು ತಂಡ. ಇಂಥ ಮೈದಾನದಲ್ಲಿ ನೂರಕ್ಕೂ ಜಾಸ್ತಿ ವರ್ಷದಿಂದ ಆಡುತ್ತಿದ್ದಾರೆ.

ಆಟ ಅರ್ಥವಾಗೋಕೆ ಹತ್ತು ನಿಮಿಷ ಸಾಕಾಯಿತು, ಯಾಕಂದ್ರೆ ನಾನು ಕಬಡ್ಡಿ ನೋಡಿ ಬೆಳೆದವಳು. ಒಂದು ಕಡೆ 13 ಜನ. ಚೆಂಡು ಹಿಡಿದವನು ಎದುರಾಳಿಗಳ ನಡುವೆ ನುಗ್ಗುತ್ತಾನೆ, ಅವರು ಮೂರು ನಾಲ್ಕು ಜನ ಸೇರಿ ಹಿಡಿದು ಕೆಡವುತ್ತಾರೆ. ಕೆಡವಿದರೆ ಔಟಲ್ಲ. ಎದ್ದು ಚೆಂಡನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿ ಮತ್ತೆ ಶುರು ಮಾಡಬೇಕು. ಹೀಗೆ ಆರು ಸಲ. ಆರನೇ ಸಲವೂ ಹಿಡಿದುಬಿಟ್ಟರೆ ಚೆಂಡು ಎದುರಿನವರ ಪಾಲು. ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿದರೆ ನಾಲ್ಕು ಅಂಕ. ಹೆಚ್ಚೂಕಡಿಮೆ ಇಷ್ಟೇ. ಟಿವಿಯಲ್ಲಿ ದೇಶ ದೇಶಗಳು ಆಡುವ, ಜಾಸ್ತಿ ಹೆಸರಿರುವ ರಗ್ಬಿ ಬೇರೆ, ಅದು ಯೂನಿಯನ್. ಇದು ಉತ್ತರ ಇಂಗ್ಲೆಂಡಿನ ಕೂಲಿಗಳ ಆಟ.

ಕೂಲಿಗಳ ಆಟ ಅಂತ ಸುಮ್ನೆ ಅಂದಿದ್ದಲ್ಲ. ಒಂದು ಕಾಲದಲ್ಲಿ ಎಲ್ಲರೂ ಒಂದೇ ರಗ್ಬಿ ಆಡುತ್ತಿದ್ದರು. ಮಿಲ್ಲು, ಗಣಿಗಳಲ್ಲಿ ಶನಿವಾರ ಬೆಳಿಗ್ಗೆಯೂ ದುಡಿಯಬೇಕಿತ್ತು. ಮ್ಯಾಚಿಗೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಹೋದ ಕೂಲಿಯನ್ನಾದರೂ ಕಟ್ಟಿಕೊಡಿ, ದಿನಕ್ಕೆ ಆರು ಶಿಲಿಂಗ್, ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ದುಡ್ಡು ತಗೊಂಡು ಆಡುವುದು ಆಟಕ್ಕೆ ಅವಮಾನ ಅಂತ ರಗ್ಬಿ ಯೂನಿಯನ್ನಿನ ಯಜಮಾನರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳವರು ಸಭೆ ಸೇರಿ ಬೇರೆಯಾದರು. ಆ ವರ್ಷ ಆಡಿದ 22 ಕ್ಲಬ್ಬುಗಳಲ್ಲಿ ಬ್ಯಾಟ್ಲಿಯೂ ಒಂದು. 1897ರಲ್ಲಿ ಚಾಲೆಂಜ್ ಕಪ್ ಅಂತ ಶುರು ಮಾಡಿದಾಗ ಮೊಟ್ಟಮೊದಲು ಗೆದ್ದಿದ್ದು ಇದೇ ಬ್ಯಾಟ್ಲಿ, ಸೇಂಟ್ ಹೆಲೆನ್ಸ್ ತಂಡವನ್ನು 10-3ರಲ್ಲಿ ಸೋಲಿಸಿ. ಆ ಫೈನಲ್ ನಡೆದಿದ್ದು ಹೆಡಿಂಗ್ಲಿಯಲ್ಲಿ. ನಮ್ಮವರಿಗೆ ಹೆಡಿಂಗ್ಲಿ ಅಂದ್ರೆ 2002ರ ದ್ರಾವಿಡ್ ಅವರ 148 ನೆನಪಾಗುತ್ತದೆ ಅಲ್ವಾ, ಆ ಕ್ರಿಕೆಟ್ ಮೈದಾನಕ್ಕೆ ಬೆನ್ನು ಹಚ್ಚಿಕೊಂಡೇ ರಗ್ಬಿ ಲೀಗ್ ಮೈದಾನ ಇದೆ, ಎರಡಕ್ಕೂ ನಡುವೆ ಒಂದೇ ಸ್ಟ್ಯಾಂಡು. ಎಷ್ಟು ಕನ್ನಡದವರು ಅಲ್ಲಿಗೆ ಕ್ರಿಕೆಟ್ ನೋಡೋಕೆ ಹೋಗಿ ಬಂದಿದ್ದಾರೆ. ಗೋಡೆಯ ಆಚೆ ಏನಿದೆ ಅಂತ ನಾನೂ ಕೇಳಿರಲಿಲ್ಲ.

ಮೊದಲ ಮ್ಯಾಚ್ ನೋಡಿದ ಆ ವರ್ಷವೇ ಸೀಸನ್ ಪಾಸ್ ತಗೊಂಡೆ. ಎರಡು ಮೂರು ತಿಂಗಳಾದ ಮೇಲೆ, ಗೇಟಿನಲ್ಲಿ ದುಡ್ಡು ಎಣಿಸುತ್ತಿದ್ದ ಅಜ್ಜಿ ಒಬ್ಬರು, "ನೀನು ಲೆಕ್ಕದ ಕೆಲಸ ಮಾಡ್ತೀಯಂತೆ, ನಮ್ಮ ಜೊತೆ ನಿಂತುಕೋ ಲವ್" ಅಂದರು. ಯಾರ್ಕ್‌ಶೈರಿನಲ್ಲಿ ಎಲ್ಲರನ್ನೂ ಲವ್ ಅಂತಲೇ ಕರೆಯುತ್ತಾರೆ, ನಾವು ಗೊತ್ತಿಲ್ಲದವರಿಗೂ ಅಕ್ಕ, ಅಣ್ಣ ಅನ್ನುವ ಹಾಗೆ. ಆ ಅಜ್ಜಿಯನ್ನು ಅವರ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಇಲ್ಲಿಗೆ ಕರೆದುಕೊಂಡು ಬರುತ್ತಿದ್ದರಂತೆ. ಅವರ ಅಪ್ಪನೂ ಮಿಲ್ಲಿನವರೇ.

ಹಾಗೆ ಕೆಲಸ ಶುರುವಾಯಿತು. ಸಂಬಳ ಇಲ್ಲ. ಒಂದು ಹಳದಿ ಜಾಕೆಟ್, ಒಂದು ಡಬ್ಬಿ, ಚಿಲ್ಲರೆ ಕಾಸು, ಒಂದು ಕಾರ್ಡ್ ಮಷೀನು. ಮೂರು ಗಂಟೆ ಮ್ಯಾಚಿಗೆ ಹನ್ನೆರಡೂವರೆಗೇ ಅಲ್ಲಿರಬೇಕು. ದೊಡ್ಡವರು ಎಷ್ಟು, ಪಿಂಚಣಿಯವರು ಎಷ್ಟು, ಮಕ್ಕಳು ಎಷ್ಟು, ಪಾಸಿನವರು ಎಷ್ಟು, ಎದುರಾಳಿ ಊರಿನವರು ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಬೇಕು, ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಗೇಟು ಹಾಕಿ ಲೆಕ್ಕ ಕೂಡಿಸಬೇಕು, ಡಬ್ಬಿಯ ದುಡ್ಡು ಅದಕ್ಕೆ ಸರಿಹೊಂದಬೇಕು. ಒಂದು ಸಲ ಜೋರು ಮಳೆ. ಫೋನ್ ಕಂಪನಿಯ ಸಿಗ್ನಲ್ ಸತ್ತು ಮಷೀನು ನಿಂತುಹೋಯಿತು, ಹೊರಗೆ ಮೂವತ್ತು ನಲವತ್ತು ಜನ ನೆನೆಯುತ್ತಾ ನಿಂತಿದ್ದಾರೆ. ಅಜ್ಜಿ ಒಂದು ನೋಟ್‌ಬುಕ್ ತೆಗೆದು ಎಲ್ಲರ ಹೆಸರು ಬರೆದುಕೊಂಡು ಒಳಗೆ ಬಿಟ್ಟರು. ಅರ್ಧ ಆಟದ ಬಿಡುವಿನಲ್ಲಿ ಅಷ್ಟೂ ಜನ ತಾವೇ ವಾಪಸ್ ಬಂದು ದುಡ್ಡು ಕೊಟ್ಟರು. ಪುಟದಲ್ಲಿ ಒಂದೇ ಒಂದು ಹೆಸರೂ ಉಳಿಯಲಿಲ್ಲ. ಇಪ್ಪತ್ತು ವರ್ಷ ಲೆಕ್ಕದ ಕೆಲಸ ಮಾಡಿದ್ದೇನೆ, ಇಂಥ ವಸೂಲಿ ನೋಡಿರಲಿಲ್ಲ.

ಬರುವವರು ಸಾವಿರದ ಆಸುಪಾಸು. ಈ ಸಾವಿರ ಜನರ ಬಗ್ಗೆ ಹೇಳಬೇಕು. ಇವರು ಟಿಕೆಟ್ ತಗೊಂಡು ಆಟ ನೋಡಿ ಹೋಗುವವರಲ್ಲ. ಒಬ್ಬರು ಪೇಂಟ್ ಹೊಡೆಯುತ್ತಾರೆ, ಒಬ್ಬರು ಸೋರುವ ಸೂರು ಸರಿಮಾಡುತ್ತಾರೆ, ಲಾಟರಿ ಚೀಟಿ ಮಾರುತ್ತಾರೆ, ಒಬ್ಬಾಕೆ ಮಕ್ಕಳ ತಂಡದ ಬಟ್ಟೆ ಒಗೆದು ತರುತ್ತಾರೆ. ಆಟಗಾರರೂ ಹಾಗೇ. ಇವರಿಗೆ ಆಟವೇ ಪೂರ್ತಿ ಉದ್ಯೋಗ ಅಲ್ಲ. ಹಗಲು ಬೇರೆ ಕೆಲಸ, ಸಂಜೆ ಅಭ್ಯಾಸ. ಭಾನುವಾರ ಕಣ್ಣಿನ ಮೇಲೆ ಹೊಲಿಗೆ ಹಾಕಿಸಿಕೊಂಡ ಹುಡುಗ ಸೋಮವಾರ ಬೆಳಿಗ್ಗೆ ಏಣಿ ಹೊತ್ತುಕೊಂಡು ನಮ್ಮ ಬೀದಿಯಲ್ಲೇ ಕೆಲಸಕ್ಕೆ ಬಂದಿದ್ದ. 1895ರಲ್ಲಿ ಆರು ಶಿಲಿಂಗ್ ಕೇಳಿದವರ ಬದುಕು ಹೇಗಿತ್ತೋ ಇವರದ್ದೂ ಹೆಚ್ಚೂಕಡಿಮೆ ಅದೇ.

2022ರಲ್ಲಿ ಈ ಅರೆಕಾಲಿಕ ತಂಡ ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎರಡನೇ ದರ್ಜೆಯ ಲೀಗಾದ ಚಾಂಪಿಯನ್‌ಶಿಪ್‌ನ ಪ್ಲೇಆಫ್‌ನಲ್ಲಿ ಫೆದರ್‌ಸ್ಟೋನ್ ತಂಡವನ್ನು ಅವರದೇ ಮೈದಾನದಲ್ಲಿ ಸೋಲಿಸಿ ಫೈನಲ್ ಮುಟ್ಟಿದರು. ಇನ್ನೊಂದು ಮ್ಯಾಚ್ ಗೆದ್ದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಸೂಪರ್ ಲೀಗ್! ಅಕ್ಟೋಬರ್ ಮೊದಲ ವಾರ ಲೀ ಎಂಬ ಊರಿಗೆ ಬಸ್ಸು ತುಂಬಿಕೊಂಡು ಹೋದೆವು. 44-12ರಲ್ಲಿ ಸೋತೆವು. ಲೀ ತಂಡ ತುಂಬಾ ಬಲವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಅಳಲಿಲ್ಲ. ಗೆದ್ದಿದ್ದರೆ ಮುಂದಿನ ವರ್ಷ ನಮ್ಮ ಈ ಗುಡ್ಡಕ್ಕೆ ವಿಗನ್ ಬರಬೇಕಿತ್ತು, ಸೇಂಟ್ ಹೆಲೆನ್ಸ್ ಬರಬೇಕಿತ್ತು ಅಂತ ಮಾತಾಡಿಕೊಂಡೇ ಬಂದರು. ಬಾಗಿಲು ತೆರೆದಿತ್ತು, ನಾವು ಹೊಸ್ತಿಲವರೆಗೆ ಹೋಗಿ ಬಂದಿದ್ದೆವು.

ಮುಂದಿನ ಆಗಸ್ಟ್‌ನಲ್ಲಿ ಅದಕ್ಕಿಂತ ದೊಡ್ಡದು. 1895 ಕಪ್ ಅಂತ ಒಂದಿದೆ, ಸೂಪರ್ ಲೀಗಿನ ಕೆಳಗಿನವರಿಗೆ, ಅದರ ಫೈನಲ್ ಲಂಡನ್ನಿನ ವೆಂಬ್ಲಿಯಲ್ಲಿ. ಬ್ಯಾಟ್ಲಿ ತನ್ನ ಇಡೀ ಚರಿತ್ರೆಯಲ್ಲಿ ವೆಂಬ್ಲಿಯಲ್ಲಿ ಆಡಿರಲಿಲ್ಲ. ಹಳೇ ಮೂರು ಚಾಲೆಂಜ್ ಕಪ್‌ಗಳು 1897, 1898, 1901ರವು, ಆಗ ವೆಂಬ್ಲಿ ಕ್ರೀಡಾಂಗಣವೇ ಇರಲಿಲ್ಲ. 2023ರ ಆಗಸ್ಟ್ 12ರಂದು ಬೆಳಗಿನ ಜಾವ ಊರಿನಿಂದ ಬಸ್ಸುಗಳು ಹೊರಟವು. ಅಜ್ಜಿ ಅವರ ಅಪ್ಪನ ಟೋಪಿ ಹಾಕಿಕೊಂಡು ಬಂದಿದ್ದರು. ಎದುರಿಗೆ ಹ್ಯಾಲಿಫ್ಯಾಕ್ಸ್. 12-10, ಬರೀ ಎರಡು ಅಂಕದಲ್ಲಿ ಸೋಲು. ನನ್ನ ಮಗ ಅತ್ತ. ನಾನೂ ಅತ್ತೆ. ಊರಿನಲ್ಲಿರುವ ಅಮ್ಮ ಫೋನಿನಲ್ಲಿ, "ಅದ್ಯಾವುದೋ ಊರಿನವರು ಸೋತರೆ ನೀನ್ಯಾಕೆ ಅಳ್ತೀಯೇ" ಅಂದಳು. ಅಮ್ಮಾ, ಅಪ್ಪನ ಬನಿಯನ್ ನೆನಪಿದೆಯಾ ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದೇ ದಿನ ಅದೇ ವೆಂಬ್ಲಿಯಲ್ಲಿ ದೊಡ್ಡ ಚಾಲೆಂಜ್ ಕಪ್ ಗೆದ್ದಿದ್ದು ಯಾರು ಗೊತ್ತಾ? ಲೀ. ಹತ್ತು ತಿಂಗಳ ಹಿಂದೆ ನಮ್ಮನ್ನು ಸೋಲಿಸಿ ಮೇಲೆ ಹೋದವರು. ಹಲ್ ಕೆಆರ್ ತಂಡದ ವಿರುದ್ಧ 17-16. ಗಣಿ, ಮಿಲ್ಲು ಇದ್ದ ಊರು ಅದೂ. ಮೈದಾನದಲ್ಲಿ ಗೆದ್ದು ಮೇಲೆ ಹೋದ ಊರಿಗೆ ಒಂದೇ ವರ್ಷದಲ್ಲಿ ಏನು ಸಾಧ್ಯ ಅಂತ ಕಣ್ಣಾರೆ ನೋಡಿದೆ. ನಾನು ಮುಂದೆ ಹೇಳುವುದಕ್ಕೆ ಇದು ಮುಖ್ಯ.

ಯಾಕಂದ್ರೆ ಅಷ್ಟರಲ್ಲಿ ದಾರಿ ಬದಲಾಗಿತ್ತು. ಐಎಂಜಿ ಎಂಬ ದೊಡ್ಡ ಕ್ರೀಡಾ ವ್ಯವಹಾರದ ಕಂಪನಿಯ ಜೊತೆ ರಗ್ಬಿ ಲೀಗ್ 2022ರಲ್ಲಿ 12 ವರ್ಷದ ಒಪ್ಪಂದ ಮಾಡಿಕೊಂಡಿತು. ಅವರ ಸಲಹೆ ಪ್ರಕಾರ 2025ರಿಂದ ಸೂಪರ್ ಲೀಗಿನಲ್ಲಿ ಯಾರು ಇರಬೇಕು ಅನ್ನುವುದು ಫೈನಲ್ ಮ್ಯಾಚಿನಿಂದ ತೀರ್ಮಾನ ಆಗುವುದಿಲ್ಲ, ಅಂಕಪಟ್ಟಿಯಿಂದ ಆಗುತ್ತದೆ. ಒಟ್ಟು 20 ಅಂಕ. ಅಭಿಮಾನಿಗಳು, ಆಟದ ಸಾಧನೆ, ಹಣಕಾಸು, ಮೈದಾನ, ಸಮುದಾಯ ಅಂತ ಐದು ಭಾಗ. ಹದಿನೈದು ದಾಟಿದರೆ ಎ ದರ್ಜೆ, ನಿಮ್ಮ ಜಾಗ ಗಟ್ಟಿ. ಉಳಿದ ಜಾಗಗಳಿಗೆ ಕೆಳಗಿನವರು ಅಂಕದ ಮೇಲೆ ಸಾಲಾಗಿ. ಆಟದ ಸಾಧನೆಗೆ ಇರುವುದು ಇಪ್ಪತ್ತರಲ್ಲಿ ಐದು.

ಲೆಕ್ಕದವಳು ಅಂತ ನನ್ನನ್ನು ಎಲ್ಲರೂ ಕೇಳೋಕೆ ಶುರು ಮಾಡಿದರು. ನಿಯಮದ ಪುಸ್ತಕವನ್ನು ಮನೆಗೆ ತಂದು ಎರಡು ರಾತ್ರಿ ಕೂತು ಓದಿದೆ. ಕೆಲವು ಮಾತು ಒಪ್ಪಿಗೆಯಾಯಿತು. ಸಾಲ ಎಷ್ಟಿದೆ, ಒಬ್ಬನೇ ಮಾಲೀಕನ ಜೇಬಿನ ಮೇಲೆ ಎಷ್ಟು ನಿಂತಿದೆ, ಇದನ್ನೆಲ್ಲ ಕೇಳಲೇಬೇಕು. ಮೈದಾನದಲ್ಲಿ ದೊಡ್ಡ ಎಲ್‌ಇಡಿ ಪರದೆ ಇದ್ದರೆ ಅದಕ್ಕೊಂದಿಷ್ಟು ಅಂಕ, ಆನ್‌ಲೈನಿನಲ್ಲಿ ಹಿಂಬಾಲಿಸುವವರು ಎಷ್ಟು ಅಂತ ಅದಕ್ಕೊಂದಿಷ್ಟು. ಇರಲಿ. ನನಗೆ ನೋವಾಗಿದ್ದು ಸಮುದಾಯದ ಭಾಗದ ಒಂದು ಲೆಕ್ಕ. ನಿಮ್ಮ ಸ್ಥಳೀಯ ಆಡಳಿತ ಪ್ರದೇಶದ ಜನಸಂಖ್ಯೆ ಎಷ್ಟು, ಅದನ್ನು ಅಲ್ಲಿರುವ ಕ್ಲಬ್ಬುಗಳಿಂದ ಭಾಗಿಸಿ. ನಾವಿರುವುದು ಕರ್ಕ್‌ಲೀಸ್‌ನಲ್ಲಿ, ನಾಲ್ಕು ಲಕ್ಷ ಮೂವತ್ತು ಸಾವಿರ ಜನ. ಇಲ್ಲಿ ಹಡರ್ಸ್‌ಫೀಲ್ಡ್, ಡ್ಯೂಸ್‌ಬರಿ, ಬ್ಯಾಟ್ಲಿ ಅಂತ ಮೂರು ಕ್ಲಬ್. ಹಾಗಾಗಿ ಮೂರರಿಂದ ಭಾಗಿಸು. ಪಕ್ಕದ ವೇಕ್‌ಫೀಲ್ಡ್‌ನಲ್ಲೂ ಆಗ ಹಾಗೇ ಇತ್ತು: ವೇಕ್‌ಫೀಲ್ಡ್, ಕ್ಯಾಸಲ್‌ಫರ್ಡ್, ಫೆದರ್‌ಸ್ಟೋನ್. ಈ ಆಟ ಯಾವ ಜಾಗದಲ್ಲಿ ಆಳವಾಗಿ ಬೇರು ಬಿಟ್ಟಿದೆಯೋ ಅಲ್ಲಿ ಕ್ಲಬ್ಬುಗಳು ಒತ್ತೊತ್ತಾಗಿ ಇರುತ್ತವೆ, ಅದು ಸಹಜ ಅಲ್ವಾ? ಒಂದು ಕೇರಿಯಲ್ಲಿ ಮೂರು ಗರಡಿಮನೆ ಇದ್ದರೆ ಆ ಕೇರಿಯಲ್ಲಿ ಕುಸ್ತಿ ಬದುಕಿದೆ ಅಂತ ನಾವು ಹೇಳುತ್ತೇವೆ. ಈ ಲೆಕ್ಕದಲ್ಲಿ ಅದೇ ಕೊರತೆಯಾಗಿ ಕಾಣುತ್ತದೆ.

ಇದು ಹೇಗೆ ನಡೆಯುತ್ತದೆ ಅಂತ ಲಂಡನ್ ಬ್ರಾಂಕೋಸ್ ತಂಡದಲ್ಲಿ ಕಾಣಿಸಿತು. 2023ರಲ್ಲಿ ಮೈದಾನದಲ್ಲಿ ಗೆದ್ದು ಸೂಪರ್ ಲೀಗಿಗೆ ಬಂದರು. ಅದೇ ಅಕ್ಟೋಬರಿನಲ್ಲಿ ಬಂದ ಮೊದಲ ಪಟ್ಟಿಯಲ್ಲಿ ಅವರ ಸ್ಥಾನ 24. ಅಂದರೆ 2024ರ ಮೊದಲ ಮ್ಯಾಚ್ ಆಡುವ ಮುಂಚೆಯೇ ಗೊತ್ತಿತ್ತು, ಈ ವರ್ಷ ಏನೇ ಗೆದ್ದರೂ ಕೆಳಗಿಳಿಯುವುದೇ. ಆ ಹುಡುಗರು ಇಡೀ ವರ್ಷ ಆಡಿದರು. ಅವರ ಹಿಂದೆ ಅವರ ಜನ ಊರೂರಿಗೆ ಹೋದರು. ನಮ್ಮ ಗೇಟಿನಲ್ಲಿ ಆ ವರ್ಷ ನಡೆದ ಮಾತೆಲ್ಲ ಅದೇ. ಒಬ್ಬರು ಎದೆ ತಟ್ಟಿಕೊಂಡು, "ನನ್ನ ಮೊಮ್ಮಗ ಕೇಳಿದ, ಗೆದ್ದರೆ ಮೇಲೆ ಹೋಗ್ತೀವಾ ತಾತಾ ಅಂತ. ಏನಂತ ಹೇಳಲಿ?" ಅಂದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಮುಚ್ಚಿದ ಬಾಗಿಲು ಈ ಊರುಗಳಿಗೆ ಹೊಸದಲ್ಲ. ಡ್ಯೂಸ್‌ಬರಿ ನಮ್ಮ ಪಕ್ಕದೂರು, ಅವರೂ ನಾವೂ ಬದ್ಧ ವೈರಿಗಳು. ಅಲ್ಲಿಂದ ಬಂದ ಒಬ್ಬರು ಗೇಟಿನಲ್ಲೇ ನಿಂತು 2000ದ ಕಥೆ ಹೇಳಿದರು. ಆ ವರ್ಷ ಅವರು ಫೈನಲ್‌ನಲ್ಲಿ ಲೀ ತಂಡವನ್ನು 13-12ರಲ್ಲಿ ಸೋಲಿಸಿದರು, ಆದರೆ ಸೂಪರ್ ಲೀಗಿಗೆ ಸೇರಿಸಿಕೊಳ್ಳಲಿಲ್ಲ. ಅದರ ಹಿಂದಿನ ವರ್ಷ ಹನ್ಸ್‌ಲೆಟ್ ಗೆದ್ದಾಗಲೂ ಇದೇ ಆಯಿತು. 1995ರಲ್ಲಿ ಕೀತ್ಲಿ ತನ್ನ ದರ್ಜೆಯಲ್ಲಿ ಮೊದಲು ಬಂತು, ಅದೇ ಹೊತ್ತಿಗೆ ಟಿವಿ ಕಂಪನಿಯ 8.7 ಕೋಟಿ ಪೌಂಡ್ ದುಡ್ಡಿನಲ್ಲಿ ಸೂಪರ್ ಲೀಗ್ ಹುಟ್ಟಿತು, ಕೀತ್ಲಿಗೆ ಜಾಗ ಸಿಗಲಿಲ್ಲ. ಆಗಲೇ ಇನ್ನೂ ಒಂದು ಯೋಜನೆ ಬಂದಿತ್ತು: ಕ್ಯಾಸಲ್‌ಫರ್ಡ್, ಫೆದರ್‌ಸ್ಟೋನ್, ವೇಕ್‌ಫೀಲ್ಡ್ ಮೂರನ್ನೂ ಸೇರಿಸಿ ಕಾಲ್ಡರ್ ಅಂತ ಒಂದೇ ತಂಡ ಮಾಡುವುದು. ಮೂರೂ ಊರಿನವರು ಬೀದಿಗಿಳಿದು ಆ ಯೋಜನೆಯನ್ನು ನಿಲ್ಲಿಸಿದರು. ಆಗಿನ ಅಭಿಮಾನಿಗಳು ಸುಮ್ಮನಿದ್ದಿದ್ದರೆ 2022ರಲ್ಲಿ ನಾವು ಸೋಲಿಸಿದ ಫೆದರ್‌ಸ್ಟೋನ್ ಅನ್ನುವ ತಂಡವೇ ಇರುತ್ತಿರಲಿಲ್ಲ.

ದುಡ್ಡಿನ ಸಂಗತಿಯೂ ಇದೆ. ಟಿವಿ ಒಪ್ಪಂದ ವರ್ಷಕ್ಕೆ ಸುಮಾರು 4 ಕೋಟಿ ಪೌಂಡ್ ಇದ್ದಿದ್ದು 2022ರಿಂದ ಸುಮಾರು 2.5 ಕೋಟಿಗೆ ಇಳಿಯಿತು. ಮೇಲಿನವರಿಗೆ ಕಡಿಮೆಯಾದರೆ ಕೆಳಗೆ ಹರಿದು ಬರುವುದು ಇನ್ನೂ ಕಡಿಮೆ. ಹೊಲಕ್ಕೆ ಕಾಲುವೆ ನೀರಿನ ಕಥೆ ಗೊತ್ತಲ್ಲ, ಬಾಲದ ಕಡೆಯ ರೈತನೇ ಮೊದಲು ಒಣಗುವುದು.

ಸ್ಯಾಲ್ಫರ್ಡ್ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಅದು ನನ್ನ ಯೋಚನೆಯನ್ನು ಸ್ವಲ್ಪ ಬದಲಿಸಿತು. 1873ರಿಂದ ಇದ್ದ ಕ್ಲಬ್. 2019ರಲ್ಲಿ ಸೂಪರ್ ಲೀಗ್ ಫೈನಲ್ ಆಡಿತ್ತು, 2024ರಲ್ಲೂ ನಾಲ್ಕನೇ ಸ್ಥಾನ. ಮೈದಾನದಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ದುಡ್ಡು ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ ಎಳೆಯ ಹುಡುಗರನ್ನು ಇಳಿಸಿ 82-0ರಲ್ಲಿ ಸೋತರು. ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಡಿಸೆಂಬರಿನಲ್ಲಿ ಕೋರ್ಟು ಕಂಪನಿಯನ್ನು ಮುಚ್ಚಿಸಿತು. ಹೊಸ ಕ್ಲಬ್ಬಾಗಿ ಮತ್ತೆ ಕೆಳಗಿನಿಂದ ಶುರು ಮಾಡಬೇಕಾಯಿತು. ಆ ವರ್ಷ ಪೂರ್ತಿ ಮ್ಯಾಚಿಗೆ ಬಂದಿದ್ದು, ಬ್ಯಾನರ್ ಹಿಡಿದಿದ್ದು, ಲೆಕ್ಕ ಕೊಡಿ ಅಂತ ಕೇಳಿದ್ದು ಅಲ್ಲಿನ ಅಭಿಮಾನಿಗಳು.

ಹಾಗಾಗಿ ನಾನು ಅಂಕಪಟ್ಟಿಯೇ ಬೇಡ ಅನ್ನುವವಳಲ್ಲ. ಹಣಕಾಸಿನ ಲೆಕ್ಕ ಇನ್ನೂ ಬಿಗಿಯಾಗಿ ನೋಡಲಿ, ವರ್ಷಕ್ಕೊಮ್ಮೆ ಅಲ್ಲ, ಮೂರು ತಿಂಗಳಿಗೊಮ್ಮೆ ನೋಡಲಿ. ಅದನ್ನು ಅಭಿಮಾನಿಗಳ ಮುಂದೆ ಇಡಲಿ. ಲೆಕ್ಕ ಸರಿ ಇರುವ ಯಾವ ಕ್ಲಬ್ಬೇ ಆಗಲಿ, ಗೆದ್ದರೆ ಮೇಲೆ ಹೋಗಲಿ, ಅಷ್ಟೇ ನಾನು ಕೇಳುವುದು. ಸಾವಿರ ಜನರ ಕ್ಲಬ್ಬು ಅಂದರೆ ಹತ್ತು ಸಾವಿರ ಜನರ ಕ್ಲಬ್ಬಾಗೋಕೆ ಆಗದೆ ಸೋತ ಕ್ಲಬ್ಬಲ್ಲ. ಆ ಊರಿಗೆ ಎಷ್ಟು ಬೇಕೋ ಅಷ್ಟಿರುವ ಕ್ಲಬ್ಬು. ಅದು ಸಾಲ ಇಲ್ಲದೆ ನಡೆದರೆ ಆರೋಗ್ಯವಾಗಿದೆ ಅಂತಲೇ ನಾನು ಬರೆಯುತ್ತೇನೆ. 2026ರಿಂದ ಸೂಪರ್ ಲೀಗ್ 12ರಿಂದ 14 ತಂಡಕ್ಕೆ ಏರಿದೆ, ಬ್ರಾಡ್‌ಫರ್ಡ್, ಯಾರ್ಕ್, ಟೂಲೂಸ್ ಒಳಗೆ ಹೋಗಿವೆ. ಅವರಿಗೆ ಒಳ್ಳೆಯದಾಗಲಿ. ಆದರೆ ಹೊಸ್ತಿಲು ಈಗಲೂ ಕಾಗದದ್ದೇ.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. ಮೈದಾನದ ಸುತ್ತ ಇರುವ ಬೀದಿಗಳಲ್ಲಿ ಜಾಸ್ತಿ ಇರುವವರು ಗುಜರಾತಿ ಮುಸ್ಲಿಮರು. ಸೂರತ್, ಭರೂಚ್ ಕಡೆಯಿಂದ ಐವತ್ತು ಅರವತ್ತರ ದಶಕದಲ್ಲಿ ಮಿಲ್ಲಿನ ಕೆಲಸಕ್ಕೆ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಆದರೆ ಗೇಟಿನಲ್ಲಿ ನಾನು ಎಣಿಸುವ ಸಾವಿರ ಜನರಲ್ಲಿ ಅವರು ಬೆರಳೆಣಿಕೆ. ಇದು ನನ್ನನ್ನು ತುಂಬಾ ಕಾಡಿತು. ಹಾಗಂತ ಈ ಆಟ ಅವರದ್ದಲ್ಲ ಅನ್ನುವ ಹಾಗಿಲ್ಲ. ಲೀಡ್ಸ್‌ನಲ್ಲಿ ಹುಟ್ಟಿದ ಇಕ್ರಮ್ ಬಟ್ 1995ರಲ್ಲಿ ಇಂಗ್ಲೆಂಡ್ ಪರ ರಗ್ಬಿ ಲೀಗ್ ಆಡಿದ ಮೊದಲ ಮುಸ್ಲಿಂ. ನಮ್ಮ ಬೀದಿಯ ಹುಡುಗರು ಶಾಲೆಯಲ್ಲಿ ಇದೇ ಆಟ ಆಡುತ್ತಾರೆ.

ಮನೆಮನೆಗೆ ಹೋಗಿ ಕೇಳಿದೆ. ಯಾರಿಗೂ ಸಿಟ್ಟಿಲ್ಲ, ಬೇಸರವಿಲ್ಲ. "ನಮ್ಮನ್ನು ಯಾರೂ ಕರೆದಿಲ್ಲ" ಅಂದವರೇ ಜಾಸ್ತಿ. ಬಿಯರ್ ಕುಡಿಯುವವರ ನಡುವೆ ಮಕ್ಕಳನ್ನು ಕೂರಿಸೋದು ಹೇಗೆ ಅಂದರು ಕೆಲವರು, ತಿನ್ನೋಕೆ ಏನೂ ಸಿಗೋದಿಲ್ಲವಲ್ಲ ಅಂದರು ಇನ್ನು ಕೆಲವರು. ಎರಡೂ ನ್ಯಾಯವಾದ ಮಾತು. ಮೊದಲ ಸಲ ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದೆ. ನಾನು ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕಟ್ಟಿಕೊಂಡಿದ್ದೆ, ಅವರ ಅಮ್ಮ ಸಮೋಸ, ಫ್ಲಾಸ್ಕಿನಲ್ಲಿ ಚಹಾ ಕೊಟ್ಟಿದ್ದರು. ಜನ ಕಡಿಮೆ ಇರುವ ಮೂಲೆ ನೋಡಿ ನಿಂತುಕೊಂಡೆವು. ಅಜ್ಜಿ ಗೇಟಿನ ಕೆಲಸ ಮುಗಿಸಿ ನಮ್ಮ ಹತ್ತಿರ ಬಂದು ಬಜ್ಜಿ ಬಾಯಿಗಿಟ್ಟರು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಕೊಡು ಲವ್ ಅಂದರು. ಆಮೇಲೆ ಅಜ್ಜಿಯೇ ಆ ಮೂಲೆಯನ್ನು ನಮಗಾಗಿ ಹಿಡಿದಿಡೋಕೆ ಶುರು ಮಾಡಿದರು. ಎರಡು ಮಕ್ಕಳು ಐದಾದರು, ಐದು ಒಂಬತ್ತಾಯಿತು.

2025ರ ಬೇಸಿಗೆಯಲ್ಲಿ ಆ ಮಕ್ಕಳ ಅಜ್ಜ ಬಂದರು. ನಾನು ಚಾಚಾ ಅನ್ನುತ್ತೇನೆ, ಅವರು ನನ್ನನ್ನು ಬೇಟಿ ಅನ್ನುತ್ತಾರೆ. ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು, ಐವತ್ತಕ್ಕೂ ಜಾಸ್ತಿ ವರ್ಷ ಈ ಮೈದಾನದ ಗೋಡೆ ಪಕ್ಕದಲ್ಲೇ ನಡೆದುಕೊಂಡು ಹೋದವರು. "ಭಾನುವಾರ ಮಲಗಿದ್ದಾಗ ಇಲ್ಲಿಂದ ಕೂಗು ಕೇಳಿಸೋದು ಬೇಟಿ. ಜೋರು ಕೂಗು ಬಂದರೆ ನಮ್ಮೂರು ಗೆದ್ದಿತು ಅಂದುಕೊಂಡು ಮಗ್ಗುಲು ಬದಲಿಸ್ತಿದ್ದೆ" ಅಂದರು. ನಮ್ಮೂರು ಅಂದರು. ಒಳಗೆ ಬಂದು ಇಳಿಜಾರನ್ನು ತುಂಬಾ ಹೊತ್ತು ನೋಡುತ್ತಾ ನಿಂತರು. ಆಮೇಲೆ ಅವರೂ ಗೇಟಿನ ಅಜ್ಜಿಯೂ ಮಾತಿಗೆ ಕೂತರು. ಅಜ್ಜಿಯ ಅಪ್ಪ ಕೆಲಸ ಮಾಡಿದ ಮಿಲ್ಲೂ ಚಾಚಾ ಕೆಲಸ ಮಾಡಿದ ಮಿಲ್ಲೂ ಒಂದೇ ಅಂತ ಗೊತ್ತಾಯಿತು. ಯಾವ ಬಾಗಿಲು, ಯಾವ ಮಹಡಿ, ಯಾವ ಮೇಸ್ತ್ರಿ ಅಂತ ಇಬ್ಬರೂ ಹೇಳಿಕೊಳ್ಳುತ್ತಾ ಕೂತುಬಿಟ್ಟರು. ದ್ವಿತೀಯಾರ್ಧ ಶುರುವಾಗಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಸ್ಯಾಲ್ಫರ್ಡ್ ಸುದ್ದಿ ಬಂದ ವಾರವೇ ನಾನು 2026ರ ಪಾಸಿಗೆ ದುಡ್ಡು ಕಟ್ಟೋಕೆ ಹೊರಟೆ. ಚಾಚಾ ಬಾಗಿಲಲ್ಲಿ ನಿಲ್ಲಿಸಿ ನೋಟುಗಳನ್ನು ಎಣಿಸಿ ಕೈಗಿಟ್ಟರು, ಅವರದ್ದು, ಮೊಮ್ಮಕ್ಕಳದ್ದು. ಸೀಟು ಬೇಕಾ ಚಾಚಾ, ಮಂಡಿ ನೋವು ಅಂತೀರಲ್ಲ ಅಂದೆ. ಬೇಡ, ಆ ಮೂಲೆಯಲ್ಲೇ ನಿಲ್ಲುತ್ತೇನೆ, ಅಲ್ಲಿಂದ ಮಿಲ್ಲಿನ ಚಿಮಣಿ ಕಾಣಿಸುತ್ತದೆ ಅಂದರು.